ವಿಂಡೋಸ್ 11ಕ್ಕೆ ಹೋಗುವ ಮುನ್ನ ಒನ್‌ಡ್ರೈವ್ ತೆರೆದು ನೋಡಿ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಯ ಲ್ಯಾಪ್‌ಟಾಪನ್ನು 11ಕ್ಕೆ ಅಪ್‌ಗ್ರೇಡ್ ಮಾಡಲು ಹೊರಟವರು ಮೊದಲು ಕೇಳುವುದು ಒಂದೇ ಮಾತು: ‘ಫೈಲು ಹೋಗಲ್ಲ ಅಲ್ವಾ?’ ‘ಕೀಪ್ ಪರ್ಸನಲ್ ಫೈಲ್ಸ್ ಅಂಡ್ ಆಪ್ಸ್’ ಆರಿಸಿಕೊಂಡರೆ ಸಾಮಾನ್ಯವಾಗಿ ಹೋಗುವುದಿಲ್ಲ. ಆದರೆ ಆ ಫೈಲು ನಿಮ್ಮ ಲ್ಯಾಪ್‌ಟಾಪಿನಲ್ಲೇ ಇದೆಯಾ ಎಂದು ಮೊದಲು ನೋಡಬೇಕು.

ಒನ್‌ಡ್ರೈವ್ ಅಂದರೆ ಫೈಲುಗಳನ್ನು ಇಂಟರ್ನೆಟ್‌ನಲ್ಲಿ, ಅಂದರೆ ಕ್ಲೌಡಿನಲ್ಲಿ, ಇಡುವ ಮೈಕ್ರೋಸಾಫ್ಟ್ ಸೇವೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಅದರ ಫೋಲ್ಡರ್ ತೆರೆಯಿರಿ. ಫೈಲಿನ ಪಕ್ಕ ಹಸಿರು ಟಿಕ್ ಇದ್ದರೆ ಅದು ಲ್ಯಾಪ್‌ಟಾಪಿನಲ್ಲಿದೆ. ನೀಲಿ ಮೋಡ ಇದ್ದರೆ ಕ್ಲೌಡಿನಲ್ಲಿ ಮಾತ್ರ. ಮೊನ್ನೆ ಚಿಕ್ಕಪ್ಪನ ಜೊತೆ ಕೂತು ಇದನ್ನೇ ನೋಡುತ್ತಿದ್ದೆ. ತಂಗಿಯ ಮದುವೆಯ ಒಂದು ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದೆವು. ‘ಸೈಜ್’ ಎದುರು 6 ಎಂಬಿ. ಅದರ ಕೆಳಗೆ ‘ಸೈಜ್ ಆನ್ ಡಿಸ್ಕ್’ ಎದುರು ಸೊನ್ನೆ. ‘ಅಂದ್ರೆ ಫೋಟೊ ಇಲ್ಲಿಲ್ವೇನೋ?’ ಅಂದರು. ಇರಲಿಲ್ಲ. ಡಿಸ್ಕಿನಲ್ಲಿ ಜಾಗ ಇದ್ದರೆ ಇಂಥ ಫೋಲ್ಡರಿಗೆ ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಒತ್ತಿ. ಪೂರ್ತಿ ಹಸಿರಾದ ದುಂಡು ಗುರುತು ಬರುವವರೆಗೆ ಕಾಯಿರಿ.

ಆಮೇಲೆ ಎಲ್ಲವನ್ನೂ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ದಯವಿಟ್ಟು ಇದನ್ನು ಬಿಡಬೇಡಿ. ಸಿಂಕ್, ಅಂದರೆ ಲ್ಯಾಪ್‌ಟಾಪಿನದೂ ಕ್ಲೌಡಿನದೂ ಒಂದೇ ಥರ ಇರುವಂತೆ ನೋಡಿಕೊಳ್ಳುವುದು, ಇದೆ ಅಂತ ಬ್ಯಾಕಪ್ ಇದೆ ಅಂದುಕೊಳ್ಳುವವರೇ ಜಾಸ್ತಿ. ಸಿಂಕ್ ಆಗುವ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದ್ದು ಕ್ಲೌಡಿನಲ್ಲೂ ಅಳಿಯುತ್ತದೆ. ವೈಯಕ್ತಿಕ ಖಾತೆಯಾದರೆ ಒನ್‌ಡ್ರೈವ್‌ನ ರೀಸೈಕಲ್ ಬಿನ್ನಿನಲ್ಲಿ 30 ದಿನ ಸಿಗುತ್ತದೆ, ಅಷ್ಟೆ.

ಕಾಪಿ ಮುಗಿದ ಮೇಲೆ ಟಾಸ್ಕ್‌ಬಾರಿನ ಮೋಡವನ್ನು ಒತ್ತಿ, ಗೇರ್ ಚಿತ್ರದಲ್ಲಿ ‘ಪಾಝ್ ಸಿಂಕಿಂಗ್’ (Pause syncing) ಆರಿಸಿ. 2, 8 ಅಥವಾ 24 ಗಂಟೆ ನಿಲ್ಲಿಸಬಹುದು. 24 ಒತ್ತಿ ಅಪ್‌ಗ್ರೇಡ್ ಶುರು ಮಾಡಿ.

ಅಪ್‌ಗ್ರೇಡ್ ಆದ ಮೇಲೆ ಒನ್‌ಡ್ರೈವ್ ಸೆಟ್ಟಿಂಗ್ಸ್‌ನ ‘ಸಿಂಕ್ ಅಂಡ್ ಬ್ಯಾಕಪ್’ಗೆ ಹೋಗಿ ‘ಮ್ಯಾನೇಜ್ ಬ್ಯಾಕಪ್’ ನೋಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಆನ್ ಆಗಿದ್ದರೆ ಅವೆಲ್ಲ ಕ್ಲೌಡಿಗೆ ಹೋಗುತ್ತವೆ. ಉಚಿತವಾಗಿ ಸಿಗುವುದು 5 ಜಿಬಿ. ಮನೆಯ ಫೋಟೊಗಳಿಗೆ ಅದು ಯಾವ ಮೂಲೆಗೂ ಸಾಲದು. ತುಂಬಿದರೆ ಸಿಂಕ್ ನಿಲ್ಲುತ್ತದೆ. ಅದೇ ಖಾತೆಯ ಔಟ್‌ಲುಕ್ ಮೇಲ್‌ಗೂ ತೊಂದರೆ ಬರಬಹುದು. ಹಾಗಾಗಿ ಪಿಕ್ಚರ್ಸ್ ಆಫ್ ಮಾಡಿ, ಡಾಕ್ಯುಮೆಂಟ್ಸ್ ಮಾತ್ರ ಇಟ್ಟುಕೊಳ್ಳಿ ಎನ್ನುವುದು ನನ್ನ ಸಲಹೆ.

ಆಫ್ ಮಾಡಿದ ತಕ್ಷಣ ಆ ಫೋಲ್ಡರ್ ಖಾಲಿಯಾಗಿ ಕಂಡರೆ ಗಾಬರಿಯಾಗಬೇಡಿ. ಎಷ್ಟೋ ಸಲ ಫೈಲುಗಳು ಒನ್‌ಡ್ರೈವ್ ಫೋಲ್ಡರಿನ ಒಳಗಿರುವ ಪಿಕ್ಚರ್ಸ್ ಅಥವಾ ಡೆಸ್ಕ್‌ಟಾಪ್ ಫೋಲ್ಡರಿನಲ್ಲೇ ಉಳಿದಿರುತ್ತವೆ. ಅಲ್ಲಿಂದ ಸಿ ಡ್ರೈವಿನಲ್ಲಿರುವ ನಿಮ್ಮ ಫೋಲ್ಡರಿಗೆ ಮೊದಲು ಕಾಪಿ ಮಾಡಿ, ತೆರೆದು ನೋಡಿ. ಕ್ಲೌಡಿನದನ್ನು ಅಳಿಸುವುದು ಆಮೇಲೆ.

ಅಪ್‌ಗ್ರೇಡ್ ಬದಲು ಹೊಸ ಲ್ಯಾಪ್‌ಟಾಪೇ ಕೊಂಡಿದ್ದರೆ ಇನ್ನೊಂದು ಮಾತು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಸಿಂಕ್ ಆಗಿ ಬರುತ್ತದೆ, ಫಾಂಟ್ ಬರುವುದಿಲ್ಲ. ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕು.

11 ಒಗ್ಗದಿದ್ದರೆ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ‘ಗೋ ಬ್ಯಾಕ್’ ಒತ್ತಿ ಹಳೆಯದಕ್ಕೆ ಮರಳಬಹುದು. ಆ 10 ದಿನವಾದರೂ ಡಿಸ್ಕ್ ಕ್ಲೀನಪ್ಪಿನಲ್ಲಿ ಹಳೆ ವಿಂಡೋಸ್ ಫೈಲುಗಳನ್ನು ಅಳಿಸಬೇಡಿ.