ಪಿಟಿ, ಎಪಿಟಿಟಿ ನಾರ್ಮಲ್ ಬಂದರೂ ನಾನು ಫೈಲ್ ಮುಚ್ಚುವುದಿಲ್ಲ

ಪಿಟಿ, ಎಪಿಟಿಟಿ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ಅಳೆಯುವ ಎರಡು ಪರೀಕ್ಷೆಗಳು. ಇಂಥ ಪರೀಕ್ಷೆಗಳ ಲ್ಯಾಬಿನಲ್ಲಿ ನಾನು ಮೊದಲು ನೋಡುವುದು ಮೆಷಿನ್ ಅಲ್ಲ, ಟ್ಯೂಬು. ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಶೇ. 3.2ರ ಸಿಟ್ರೇಟ್ ಇರುತ್ತದೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್, ಅದೇ ಲೆಕ್ಕ. ಗೆರೆಯವರೆಗೆ ತುಂಬದ ಟ್ಯೂಬನ್ನು ವಾಪಸ್ ಕಳಿಸುತ್ತೇನೆ. ಮಗುವಿಗೆ ಮತ್ತೆ ಸೂಜಿ ಚುಚ್ಚಬೇಕಾ ಅಂತ ವಾರ್ಡಿನವರು ಬೇಸರ ಮಾಡಿಕೊಳ್ಳುತ್ತಾರೆ, ನಿಜ. ಆದರೆ ಸಿಟ್ರೇಟ್ ಜಾಸ್ತಿಯಾದರೆ ಹೆಪ್ಪುಗಟ್ಟುವ ಸಮಯ ಸುಳ್ಳೇ ಉದ್ದ ಬರುತ್ತದೆ, ಇಲ್ಲದ ಕಾಯಿಲೆ ಆ ಮಗುವಿನ ಹೆಸರಿಗೆ ಅಂಟಿಕೊಳ್ಳುತ್ತದೆ. ಐಸ್ ಮೇಲಿಟ್ಟು ತಂದ ರಕ್ತವೂ ಬೇಡ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳಿಗೆ ಫ್ಯಾಕ್ಟರ್ ಅನ್ನುತ್ತೇವೆ; ತಣ್ಣಗಾದರೆ ಅವುಗಳಲ್ಲಿ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಮತ್ತು ಫ್ಯಾಕ್ಟರ್ 8 ಎರಡೂ ಇಳಿಯಬಹುದು.

ಚೀಟಿಯಲ್ಲಿ ‘ರಕ್ತಸ್ರಾವ’ ಅಂತಷ್ಟೇ ಬರೆದಿದ್ದರೆ ಫೋನ್ ಮಾಡುತ್ತೇನೆ. ಹಲ್ಲು ಕೀಳಿಸಿದಾಗ ಏನಾಯಿತು? ಮುಟ್ಟಿನಲ್ಲಿ ಎಷ್ಟು ಹೋಗುತ್ತದೆ? ಕೀಲು ಊದಿಕೊಂಡಿತ್ತಾ? ಹುಟ್ಟಿದಾಗ ಹೊಕ್ಕುಳಬಳ್ಳಿಯಲ್ಲಿ ರಕ್ತ ಒಸರಿತ್ತಾ? ತಾಯಿ ಕಡೆಯ ಗಂಡಸರಲ್ಲಿ ಯಾರಿಗಾದರೂ ಹೀಗಿತ್ತಾ? ಈ ಉತ್ತರಗಳೇ ಮುಂದಿನ ದಾರಿ ತೋರಿಸುತ್ತವೆ.

ಪಿಟಿ ಸರಿಯಿದ್ದು ಎಪಿಟಿಟಿ ಮಾತ್ರ ಉದ್ದ ಬಂದರೆ ರೋಗಿಯ ಪ್ಲಾಸ್ಮಾಕ್ಕೆ, ಅಂದರೆ ರಕ್ತದ ದ್ರವ ಭಾಗಕ್ಕೆ, ಅಷ್ಟೇ ಪ್ರಮಾಣದ ನಾರ್ಮಲ್ ಪ್ಲಾಸ್ಮಾ ಬೆರೆಸಿ ಮತ್ತೆ ನೋಡುತ್ತೇನೆ. ಸರಿಹೋದರೆ ಯಾವುದೋ ಫ್ಯಾಕ್ಟರ್ ಕೊರತೆ ಇರಬಹುದು. ಸರಿಹೋಗದಿದ್ದರೆ ಹೆಪ್ಪುಗಟ್ಟುವುದನ್ನು ತಡೆಯುವ ಇನ್‌ಹಿಬಿಟರ್ ಇರಬಹುದು, ಅಥವಾ ಸುಮ್ನೆ ರಕ್ತನಾಳಕ್ಕೆ ಹಾಕಿದ ಲೈನಿನಿಂದ ಬಂದ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧಿ ಹೆಪಾರಿನ್. ಫ್ಯಾಕ್ಟರ್ 8ರ ಇನ್‌ಹಿಬಿಟರ್ ನಿಧಾನವಾಗಿ ಕೆಲಸ ಮಾಡುತ್ತದೆ, ಅದಕ್ಕೇ 37 ಡಿಗ್ರಿಯಲ್ಲಿ 2 ಗಂಟೆ ಇಟ್ಟು ಇನ್ನೊಮ್ಮೆ ನೋಡಬೇಕು. ಆಮೇಲೆ ಫ್ಯಾಕ್ಟರ್ 8, 9, 11ರ ಅಳತೆ. ಫ್ಯಾಕ್ಟರ್ 8 ಅಥವಾ 9 ಶೇ. 1ಕ್ಕಿಂತ ಕಡಿಮೆ ಇದ್ದರೆ ತೀವ್ರ ಹಿಮೋಫಿಲಿಯಾ (ಈ ಫ್ಯಾಕ್ಟರ್ ಕೊರತೆಯಿಂದ ರಕ್ತ ಬೇಗ ನಿಲ್ಲದ ಕಾಯಿಲೆ), 1ರಿಂದ 5 ಮಧ್ಯಮ, ಅದರ ಮೇಲೆ 40ರವರೆಗೆ ಸೌಮ್ಯ. ಫ್ಯಾಕ್ಟರ್ 12 ಕಡಿಮೆ ಇದ್ದವರ ಎಪಿಟಿಟಿ ನೋಡಿದರೆ ಗಾಬರಿಯಾಗುತ್ತದೆ, ಆದರೆ ಅವರಿಗೆ ಅದರಿಂದ ರಕ್ತಸ್ರಾವವೇ ಆಗುವುದಿಲ್ಲ!

ಫ್ಯಾಕ್ಟರ್ 8 ಸ್ವಲ್ಪ ಕಡಿಮೆ ಬಂದ ತಕ್ಷಣ ಹಿಮೋಫಿಲಿಯಾ ಎ (ಫ್ಯಾಕ್ಟರ್ 8ರ ಕೊರತೆಯ ಹಿಮೋಫಿಲಿಯಾ) ಅಂತ ಬರೆಯುವ ಅಭ್ಯಾಸ ನನಗಿಲ್ಲ. ರಕ್ತದಲ್ಲಿ ಫ್ಯಾಕ್ಟರ್ 8 ಅನ್ನು ಕಾಪಾಡಿಕೊಂಡು ಬರುವುದು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್. ವಾನ್ ವಿಲ್ಲೆಬ್ರಾಂಡ್ ಕಾಯಿಲೆಯ ಒಂದು ಬಗೆಯಾದ ಟೈಪ್ 2ಎನ್‌ನಲ್ಲಿ ಆ ಹಿಡಿತ ಸಡಿಲ, ರಿಪೋರ್ಟ್ ಮಾತ್ರ ಸೌಮ್ಯ ಹಿಮೋಫಿಲಿಯಾದ ಹಾಗೇ ಕಾಣುತ್ತದೆ. ಹಿಮೋಫಿಲಿಯಾ ಎ ತಾಯಿಯ ಎಕ್ಸ್ ಕ್ರೋಮೋಸೋಮಿನಿಂದ ಮುಖ್ಯವಾಗಿ ಗಂಡುಮಕ್ಕಳಿಗೆ ಬರುತ್ತದೆ. 2ಎನ್‌ಗೆ ಗಂಡು ಹೆಣ್ಣು ಭೇದವಿಲ್ಲ. ಇಬ್ಬರ ಚಿಕಿತ್ಸೆಯೂ ಬೇರೆ, ಮನೆಯವರಿಗೆ ಹೇಳುವ ಮಾತೂ ಬೇರೆ.

ನನ್ನ ತಾಳ್ಮೆ ಜಾಸ್ತಿ ಖರ್ಚಾಗುವುದು ಈ ವಾನ್ ವಿಲ್ಲೆಬ್ರಾಂಡ್ ಮೇಲೆಯೇ. ಅದರ ಪ್ರಮಾಣ, ಅದು ಮಾಡುವ ಕೆಲಸ, ಫ್ಯಾಕ್ಟರ್ 8 ಮೂರನ್ನೂ ಒಟ್ಟಿಗೆ ನೋಡುತ್ತೇನೆ. ಪ್ರಮಾಣಕ್ಕೆ ಹೋಲಿಸಿದರೆ ಕೆಲಸ ತೀರಾ ಕಡಿಮೆ ಇದ್ದರೆ, ಅಂದರೆ ಅನುಪಾತ 0.7ಕ್ಕಿಂತ ಕೆಳಗಿದ್ದರೆ, ಟೈಪ್ 2ರ, ಅಂದರೆ ಪ್ರೋಟೀನ್ ಇದ್ದೂ ಸರಿಯಾಗಿ ಕೆಲಸ ಮಾಡದ ಬಗೆಯ, ಅನುಮಾನ. ತೊಂದರೆ ಏನೆಂದರೆ ಈ ಪ್ರೋಟೀನ್ ಒಂದು ಕಡೆ ನಿಲ್ಲುವುದಿಲ್ಲ. ಜ್ವರ, ಭಯ, ಓಡಾಟ, ಬಸಿರು ಎಲ್ಲದಕ್ಕೂ ಏರುತ್ತದೆ. ಅತ್ತು ಅತ್ತು ರಕ್ತ ಕೊಟ್ಟ ಮಗುವಿನದು ನಾರ್ಮಲ್ ಬಂದರೆ ನಂಬುವುದು ಹೇಗೆ, ಅಲ್ವಾ? ಹುಷಾರಾದ ಮೇಲೆ ಮತ್ತೆ ಕರೆಸುತ್ತೇನೆ. ಒ ರಕ್ತದ ಗುಂಪಿನವರಲ್ಲಿ ಇದು ಹುಟ್ಟಿನಿಂದಲೇ ಸುಮಾರು ಕಾಲು ಭಾಗ ಕಡಿಮೆ, ಅದೂ ನೆನಪಿರಬೇಕು.

ಇನ್ನು ಪಿಟಿ, ಎಪಿಟಿಟಿ, ಪ್ಲೇಟ್‌ಲೆಟ್ ಎಣಿಕೆ ಎಲ್ಲ ಸರಿ, ಆದರೂ ರಕ್ತ ನಿಲ್ಲುತ್ತಿಲ್ಲ ಅನ್ನುವವರು. ಗ್ಲಾನ್ಸ್‌ಮನ್ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಎಣಿಕೆಗೆ ಸಿಗುತ್ತವೆ, ಒಂದಕ್ಕೊಂದು ಅಂಟುವುದಿಲ್ಲ. ಅವನ್ನು ಅಂಟಿಸಿ ನೋಡಲು ಎಡಿಪಿ, ಕೊಲಾಜೆನ್ ಹಾಕಿದರೂ ಅಂಟುವಿಕೆ ತೋರಿಸುವ ಗ್ರಾಫ್ ಅಲ್ಲಾಡುವುದಿಲ್ಲ, ಅಂಥದ್ದೇ ಇನ್ನೊಂದು ವಸ್ತುವಾದ ರಿಸ್ಟೊಸೆಟಿನ್‌ಗೆ ಮಾತ್ರ ಸ್ಪಂದಿಸುತ್ತದೆ. ಈ ಪರೀಕ್ಷೆಗೆ ಮೊದಲು ಆಸ್ಪಿರಿನ್, ನೋವಿನ ಮಾತ್ರೆ ತಗೊಂಡಿದ್ದಾರಾ ಅಂತ ಕೇಳಲೇಬೇಕು.

ಹೊಕ್ಕುಳಬಳ್ಳಿ ಒಸರಿತ್ತು ಅಂದರೆ ಹೆಪ್ಪನ್ನು ಗಟ್ಟಿಮಾಡುವ ಫ್ಯಾಕ್ಟರ್ 13 ನೋಡುತ್ತೇನೆ. ಹೆಪ್ಪನ್ನು ಯೂರಿಯಾದಲ್ಲಿ ಹಾಕಿ ಕರಗುತ್ತಾ ಅಂತ ನೋಡುವ ಹಳೆ ವಿಧಾನ ಇದೆ. ಅದು ಈ ಫ್ಯಾಕ್ಟರ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವವರನ್ನು ಮಾತ್ರ ಹಿಡಿಯುತ್ತದೆ. ಹಾಗಾಗಿ ಹೆಪ್ಪು ಕರಗದಿದ್ದರೂ ಅನುಮಾನ ಉಳಿದರೆ ಫ್ಯಾಕ್ಟರ್ 13ರ ಅಳತೆಯನ್ನೇ ಮಾಡಿಸಿ ಅಂತ ರಿಪೋರ್ಟಿನ ಕೆಳಗೆ ಬರೆದು ಕಳಿಸುತ್ತೇನೆ.