‘ಸರ್’ ಎಲ್ಲಿ ಬರಬೇಕು, ಎಷ್ಟು ಸಲ ಬರಬೇಕು?

ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದವರನ್ನು ನಾವೆಲ್ಲ ಸರ್ ಎಂ. ವಿಶ್ವೇಶ್ವರಯ್ಯ ಅನ್ನುತ್ತೇವೆ. ಅಲ್ಲಿ ‘ಸರ್’ ಹೆಸರಿಗಿಂತ ಮುಂಚೆ ಬರುತ್ತದೆ. ನಮ್ಮ ಮೇಷ್ಟ್ರನ್ನು ಮಾತ್ರ ‘ಮಂಜುನಾಥ್ ಸರ್’ ಅಂತ ಕರೆಯುತ್ತೇವೆ, ಅಲ್ವಾ?

ಪದ ಒಂದೇ, ಕೆಲಸ ಬೇರೆ. ಮುಂಚೆ ಬರುವ ಸರ್ ಒಂದು ಬಿರುದು. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, 1915ರಲ್ಲಿ, ಬ್ರಿಟಿಷರು ಅವರಿಗೆ ನೈಟ್ ಪದವಿ ಕೊಟ್ಟರು. ಹೆಸರಾದ ಮೇಲೆ ಬರುವ ಸರ್ ನಮ್ಮದೇ ರೂಢಿ. ಮೂಲ ಹುಡುಕಿದರೆ ಇದು ಲ್ಯಾಟಿನ್‌ನ ‘ಸೀನಿಯರ್’ ಪದದಿಂದ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದದ್ದು. ಅರ್ಥ ‘ಹೆಚ್ಚು ವಯಸ್ಸಾದವರು’. ನಮ್ಮ ‘ಹಿರಿಯರು’ ಪದದ ಅರ್ಥವೂ ಅದೇ.

ಈಗ ಒಂದು ರಜೆ ಅರ್ಜಿಯನ್ನೋ ಕೆಲಸದ ಅರ್ಜಿಯನ್ನೋ ಇಂಗ್ಲಿಷಿನಲ್ಲಿ ಬರೆಯೋಣ.

ಮೊದಲು, ಶುರುವಿನ ಸಾಲು. ಹೆಡ್‌ಮಾಸ್ಟರಿಗೆ, ತಹಶೀಲ್ದಾರರಿಗೆ ‘ರೆಸ್ಪೆಕ್ಟೆಡ್ ಸರ್’ ಅಂತಲೇ ಬರೆಯಿರಿ, ನಮ್ಮಲ್ಲಿ ಅದು ಸರಿಯಾದ ರೂಢಿ. ಹೊರದೇಶದ ಕಂಪನಿಗಾದರೆ ‘ಡಿಯರ್ ಸರ್’. ‘ಡಿಯರ್’ ಅಂದರೆ ‘ಪ್ರೀತಿಯ’ ಅಂತ ಹಲವರಿಗೆ ಸಂಕೋಚ. ಸಂಕೋಚ ಬೇಡ, ಪತ್ರದಲ್ಲಿ ಅದು ನಮ್ಮ ‘ಮಾನ್ಯರೇ’ ಇದ್ದ ಹಾಗೆ. ಓದುವವರು ಯಾರೆಂದು ಗೊತ್ತಿಲ್ಲದಿದ್ದರೆ ‘ಡಿಯರ್ ಸರ್ ಆರ್ ಮೇಡಂ’ ಎಂದು ಬರೆಯಿರಿ. ಎಷ್ಟೋ ಆಫೀಸುಗಳಲ್ಲಿ ಅರ್ಜಿ ನೋಡುವವರು ಹೆಂಗಸರೇ. ಅವರಿಗೆ ಬರೀ ‘ಸರ್’ ಹೋಗುವುದು ಚೆನ್ನಾಗಿರುವುದಿಲ್ಲ.

ಆಮೇಲೆ, ನಡುವಿನ ಸಾಲುಗಳು. ನಮ್ಮ ಮಕ್ಕಳು ಎಡವುವುದು ಇಲ್ಲೇ ಜಾಸ್ತಿ. ವಾಕ್ಯಕ್ಕೊಂದು ಸರ್ ಸೇರಿಸುತ್ತಾರೆ. ಯಾಕೆ ಅಂತ ನಾನು ತುಂಬ ಯೋಚಿಸಿದ್ದೇನೆ. ಕನ್ನಡದಲ್ಲಿ ಗೌರವ ಕ್ರಿಯಾಪದದಲ್ಲೂ ಸರ್ವನಾಮದಲ್ಲೂ ಇರುತ್ತದೆ. ‘ಬಾ’ ಬೇರೆ, ‘ಬನ್ನಿ’ ಬೇರೆ. ‘ನೀನು’ ಬೇರೆ, ‘ನೀವು’ ಬೇರೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯು’, ಒಂದೇ ‘ಕಮ್’. ‘ಬನ್ನಿ’ ಇಲ್ಲದ ಆ ಖಾಲಿ ಜಾಗಕ್ಕೆ ಮಗು ‘ಸರ್’ ತುಂಬುತ್ತದೆ. ಅದರ ಮನಸ್ಸು ಒಳ್ಳೆಯದೇ, ದಾರಿ ಮಾತ್ರ ಬೇರೆ ಇದೆ.

ಇಂಗ್ಲಿಷಿನಲ್ಲಿ ಆ ಗೌರವ ಬರುವುದು ಕೇಳುವ ರೀತಿಯಿಂದ. ‘ಗಿವ್ ಮಿ ಲೀವ್ ಸರ್’ ಅಂದರೆ ‘ರಜೆ ಕೊಡು ಸರ್’ ಅಂದ ಹಾಗೆ ಕೇಳಿಸುತ್ತದೆ. ಸರ್ ಇದ್ದರೂ ಒರಟು. ‘ಕುಡ್ ಯು ಪ್ಲೀಸ್ ಗ್ರಾಂಟ್ ಮಿ ಲೀವ್ ಫಾರ್ ಟೂ ಡೇಸ್’ ಎಂದು ಕೇಳಿ ನೋಡಿ. ‘ಎರಡು ದಿನ ದಯವಿಟ್ಟು ರಜೆ ಕೊಡುತ್ತೀರಾ’ ಎಂಬ ಧ್ವನಿ ತಾನಾಗೇ ಬರುತ್ತದೆ. ಬರೆದ ಮೇಲೆ ಎಲ್ಲ ‘ಸರ್’ಗಳನ್ನೂ ಪೆನ್ಸಿಲ್ಲಿನಲ್ಲಿ ಹೊಡೆದು ಹಾಕಿ, ಗಟ್ಟಿಯಾಗಿ ಓದಿ. ಆಗಲೂ ಮಾತು ಮೆತ್ತಗಿದ್ದರೆ ಅರ್ಜಿ ಸರಿಯಾಗಿದೆ. ಶುರುವಿನ ಒಂದು ಸರ್ ಮಾತ್ರ ವಾಪಸ್ ಸೇರಿಸಿ.

ಕೊನೆಗೆ ಸಹಿಯ ಮೇಲಿನ ಸಾಲು. ‘ಡಿಯರ್ ಸರ್’ ಅಂತ ಶುರು ಮಾಡಿದ್ದರೆ ‘ಯುವರ್ಸ್ ಫೇತ್‌ಫುಲಿ’. ಹೆಸರು ಹಾಕಿ ಶುರು ಮಾಡಿದ್ದರೆ ‘ಯುವರ್ಸ್ ಸಿನ್ಸಿಯರ್ಲಿ’. ‘ರೆಸ್ಪೆಕ್ಟೆಡ್’ಗೆ ಜೋಡಿಯಾಗಿ ‘ಯುವರ್ಸ್ ರೆಸ್ಪೆಕ್ಟ್‌ಫುಲಿ’ ಬರೆಯುವವರೂ ಇದ್ದಾರೆ, ಅದೂ ಸರಿಯೇ. ಆದರೆ ಅವಸರದಲ್ಲಿ ಅದು ‘ರೆಸ್ಪೆಕ್ಟಿವ್ಲಿ’ ಆಗಿಬಿಡುತ್ತದೆ. ಅದರ ಅರ್ಥ ‘ಕ್ರಮವಾಗಿ’, ಗೌರವಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಕಳಿಸುವ ಮುಂಚೆ ಆ ಒಂದು ಪದದ ಸ್ಪೆಲಿಂಗನ್ನು ಬೆರಳಿಟ್ಟು ಓದಿ.