ವಾಷಿಂಗ್ಟನ್ನಿನಿಂದ ನಿಮ್ಮೂರಿನ ಠಾಣೆಗೆ: ಒಂದು ಗ್ರಾಂಟಿನ ಜಾಡು ಹಿಡಿಯುವುದು ಹೇಗೆ?

ನಾನಿರುವುದು ಅಮೆರಿಕದ ಒಂದು ಸಣ್ಣ ಊರಿನಲ್ಲಿ. ಬೀದಿಯ ಮರದ ಬೇರು ಫುಟ್‌ಪಾತ್ ಎಬ್ಬಿಸಿದೆ ಎಂದು ದೂರು ಹೇಳಲು ಒಮ್ಮೆ ಸಿಟಿ ಕೌನ್ಸಿಲ್ ಸಭೆಗೆ ಹೋಗಿದ್ದೆ. ಅಜೆಂಡಾದಲ್ಲಿ 'ಕನ್ಸೆಂಟ್ ಕ್ಯಾಲೆಂಡರ್' ಎಂಬ ಭಾಗವಿತ್ತು. ಚರ್ಚೆ ಬೇಡ ಅನ್ನಿಸಿದ ವಿಷಯಗಳನ್ನೆಲ್ಲ ಒಂದೇ ಗಂಟು ಕಟ್ಟಿ, ಒಂದೇ ಸಲ ಕೈಯೆತ್ತಿ ಮುಗಿಸುವುದು. ಆ ಗಂಟಿನ ನಡುವೆ ಒಂದು ಸಾಲು: ಎಡ್ವರ್ಡ್ ಬರ್ನ್ ಮೆಮೋರಿಯಲ್ ಜಸ್ಟಿಸ್ ಅಸಿಸ್ಟೆನ್ಸ್ ಗ್ರಾಂಟ್, ಅರ್ಜಿ ಹಾಕಲು ಒಪ್ಪಿಗೆ. ಪೊಲೀಸ್, ಕೋರ್ಟು, ಜೈಲಿನಂಥ ಕೆಲಸಕ್ಕೆ ವಾಷಿಂಗ್ಟನ್ ಕೊಡುವ ದುಡ್ಡು ಅದು. ಯಾರೂ ತಲೆಯೆತ್ತಲಿಲ್ಲ. ಒಂದು ನಿಮಿಷವೂ ಹಿಡಿಯಲಿಲ್ಲ, ಇಡೀ ಗಂಟು ಪಾಸಾಯಿತು. ನನ್ನ ಮರದ ಬೇರಿಗೆ ಮಾತ್ರ ಇಪ್ಪತ್ತು ನಿಮಿಷ ಚರ್ಚೆ!

ಆ ಸಾಲಿನ ಹಿಂದೆ ಬಿದ್ದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕ್ಯಾಲಿಫೋರ್ನಿಯಾ, ಟೆಕ್ಸಸ್, ನ್ಯೂಜೆರ್ಸಿಯಲ್ಲಿ ಮನೆ ಮಾಡಿ ತೆರಿಗೆ ಕಟ್ಟುತ್ತಿರುವ ಕನ್ನಡಿಗರಿಗೆ ಉಪಯೋಗಕ್ಕೆ ಬಂದೀತು.

ಮೊದಲು, ಪೊಲೀಸರು ಯಾರವರು?

ಕರ್ನಾಟಕದಲ್ಲಿ ಪೊಲೀಸ್ ಇಲಾಖೆ ರಾಜ್ಯ ಸರ್ಕಾರದ್ದು. ಪುರಸಭೆಗೂ ಠಾಣೆಗೂ ಸಂಬಂಧವಿಲ್ಲ. ಇದೇ ಲೆಕ್ಕವನ್ನು ಅಮೆರಿಕಕ್ಕೆ ಹಾಕಿದರೆ ಏನೂ ಅರ್ಥವಾಗುವುದಿಲ್ಲ. ಇಲ್ಲಿ ಸುಮಾರು 18,000 ಬೇರೆ ಬೇರೆ ಪೊಲೀಸ್ ಸಂಸ್ಥೆಗಳಿವೆ. ಊರಿಗೆ ಊರಿನದೇ ಪೊಲೀಸ್, ಸಂಬಳವೂ ಊರಿನ ತೆರಿಗೆಯಿಂದ. ಕೌಂಟಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಶೆರಿಫ್ ಎಂಬ ಪೊಲೀಸ್ ಮುಖ್ಯಸ್ಥ ಮತ್ತು ಜೈಲು. ದೊಡ್ಡ ಶಿಕ್ಷೆಯವರನ್ನು ಇಡುವ ಸೆರೆಮನೆ ರಾಜ್ಯದ್ದು. ವಾಷಿಂಗ್ಟನ್ ಇವರಿಗೆ 'ಹೀಗೆ ಮಾಡಿ' ಎಂದು ಆರ್ಡರ್ ಹಾಕುವಂತಿಲ್ಲ. ದುಡ್ಡು ಕೊಡಬಹುದು, ದುಡ್ಡಿನ ಜೊತೆ ಷರತ್ತು ಕಟ್ಟಬಹುದು, ಅಷ್ಟೇ. ಎಲ್ಲ ಜಗಳ ಹುಟ್ಟುವುದು ಆ ಷರತ್ತುಗಳಲ್ಲೇ.

ಈ ಪದ್ಧತಿ ದೊಡ್ಡದಾಗಿ ಶುರುವಾದದ್ದು 1968ರಲ್ಲಿ, ಲಿಂಡನ್ ಜಾನ್ಸನ್ ಕಾಲದ ಅಪರಾಧ ನಿಯಂತ್ರಣ ಕಾಯಿದೆಯಿಂದ. ಈಗಿನ ಗ್ರಾಂಟಿಗೆ ಹೆಸರು ಬಂದದ್ದು ಇನ್ನೊಂದು ಘಟನೆಯಿಂದ. 1988ರ ಫೆಬ್ರುವರಿ 26ರ ನಸುಕು, ನ್ಯೂಯಾರ್ಕಿನ ಕ್ವೀನ್ಸ್. ಮಾದಕ ವಸ್ತು ಮಾರುವವರ ವಿರುದ್ಧ ಸಾಕ್ಷಿ ಹೇಳಿದ ಒಬ್ಬರ ಮನೆ ಮುಂದೆ 22 ವರ್ಷದ ಹೊಸ ಪೊಲೀಸ್ ಎಡ್ವರ್ಡ್ ಬರ್ನ್ ಒಬ್ಬನೇ ಕಾರಿನಲ್ಲಿ ಕಾವಲು ಕೂತಿದ್ದ. ಕೂತಲ್ಲೇ ಗುಂಡಿಟ್ಟು ಕೊಂದರು. ಆ ವರ್ಷವೇ ಬಂದ ಕಾಯಿದೆಯ ಗ್ರಾಂಟಿಗೆ ಅವನ ಹೆಸರಿಟ್ಟರು. ಆಮೇಲೆ 2005ರ ಹೊತ್ತಿಗೆ ಅದನ್ನೂ ಊರುಗಳಿಗೆ ಹೋಗುತ್ತಿದ್ದ ಇನ್ನೊಂದು ಗ್ರಾಂಟನ್ನೂ ಸೇರಿಸಿ ಒಂದು ಮಾಡಿದರು. ಜಸ್ಟಿಸ್ ಅಸಿಸ್ಟೆನ್ಸ್ ಗ್ರಾಂಟ್‌ನ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಆಡುಮಾತಿನಲ್ಲಿ ಎಲ್ಲರೂ ಹೇಳುವುದು 'ಜ್ಯಾಗ್' ಅಂತ.

ಹೆಜ್ಜೆ 1: ಯಾವ ದುಡ್ಡು ಅಂತ ನೋಡಿ

'ಫೆಡರಲ್ ಗ್ರಾಂಟ್ ಬಂತು' ಎಂದರೆ ಸಾಲದು. 1994ರ ಕಾಯಿದೆಯಿಂದ ಹುಟ್ಟಿದ ಕಾಪ್ಸ್ ಗ್ರಾಂಟ್ ಮುಖ್ಯವಾಗಿ ಪೊಲೀಸರನ್ನು ನೇಮಿಸಿಕೊಳ್ಳಲು. ಅದಕ್ಕೆ ಪೈಪೋಟಿ ಮಾಡಬೇಕು. 1984ರ ವೋಕಾ ನಿಧಿ ಅಪರಾಧಕ್ಕೆ ಬಲಿಯಾದವರಿಗೆ. ಅದರ ಮುಖ್ಯ ಮೂಲ ತೆರಿಗೆಯಲ್ಲ, ಫೆಡರಲ್ ಕೇಸುಗಳಲ್ಲಿ ಅಪರಾಧಿಗಳು ಕಟ್ಟುವ ದಂಡ. ಜ್ಯಾಗ್ ಮಾತ್ರ ಸೂತ್ರದ ಪ್ರಕಾರ ಹಂಚುವ ದುಡ್ಡು. ನಿಮ್ಮೂರಿನ ಹೆಸರು ಪಟ್ಟಿಯಲ್ಲಿದ್ದರೆ ಪಾಲು ಇದ್ದೇ ಇರುತ್ತದೆ, ಅರ್ಜಿ ಹಾಕಿ ತೆಗೆದುಕೊಳ್ಳಬೇಕು ಅಷ್ಟೆ.

ಹೆಜ್ಜೆ 2: ಪಟ್ಟಿ ತೆಗೆದು ಲೆಕ್ಕ ಹಾಕಿ

ನ್ಯಾಯ ಇಲಾಖೆಯ ಕೆಳಗೆ ಬ್ಯೂರೋ ಆಫ್ ಜಸ್ಟಿಸ್ ಅಸಿಸ್ಟೆನ್ಸ್ ಎಂಬ ಕಚೇರಿ ಇದೆ. ಗ್ರಾಂಟ್ ಕರೆದಾಗಲೆಲ್ಲ ಅದು ರಾಜ್ಯವಾರು ಪಟ್ಟಿ ಹಾಕುತ್ತದೆ. ವೆಬ್‌ಸೈಟಿನಲ್ಲಿ ನಿಮ್ಮ ರಾಜ್ಯ ಒತ್ತಿದರೆ ಊರು ಮತ್ತು ಮೊತ್ತ ಸಿಗುತ್ತದೆ.

ಆ ಮೊತ್ತ ಎಲ್ಲಿಂದ ಬಂತು? ರಾಜ್ಯದ ಪಾಲಿನ ಅರ್ಧ ಜನಸಂಖ್ಯೆ ನೋಡಿ, ಇನ್ನರ್ಧ ಹಿಂಸೆಯ ಅಪರಾಧ ನೋಡಿ. ಎಷ್ಟೇ ಚಿಕ್ಕ ರಾಜ್ಯವಾದರೂ ಒಟ್ಟು ಮೊತ್ತದ ಶೇ 0.25ಕ್ಕಿಂತ ಕಮ್ಮಿ ಸಿಗುವುದಿಲ್ಲ. ಹಾಗೆ ಬಂದದ್ದರಲ್ಲಿ ಶೇ 60 ರಾಜ್ಯ ಸರ್ಕಾರಕ್ಕೆ, ಶೇ 40 ನೇರವಾಗಿ ಊರು ಮತ್ತು ಕೌಂಟಿಗಳಿಗೆ. ಊರುಗಳ ನಡುವೆ ಹಂಚುವಾಗ ಜನಸಂಖ್ಯೆ ಲೆಕ್ಕಕ್ಕಿಲ್ಲ. ಮೂರು ವರ್ಷದ ಸರಾಸರಿ ಹಿಂಸೆಯ ಅಪರಾಧ ಮಾತ್ರ: ಕೊಲೆ, ಅತ್ಯಾಚಾರ, ಸುಲಿಗೆ, ಗಂಭೀರ ಹಲ್ಲೆ.

ಒಂದು ಲೆಕ್ಕ ಮಾಡಿ ನೋಡೋಣ. ರಾಜ್ಯಕ್ಕೆ 1 ಕೋಟಿ ಡಾಲರ್ ಬಂತು ಅಂದುಕೊಳ್ಳಿ. ಊರುಗಳ ಪಾಲು 40 ಲಕ್ಷ. ನಿಮ್ಮ ರಾಜ್ಯದ ಊರುಗಳಲ್ಲಿ ವರದಿಯಾದ ಹಿಂಸೆಯ ಅಪರಾಧದಲ್ಲಿ ಶೇ 0.5 ನಿಮ್ಮೂರಿನದಾದರೆ 20,000 ಡಾಲರ್. ಪಕ್ಕದ ಊರಿನದು ಶೇ 0.2 ಆದರೆ 8,000. ಆದರೆ ಆ 8,000 ಅವರ ಕೈಗೆ ನೇರವಾಗಿ ಬರುವುದಿಲ್ಲ! 10,000 ಡಾಲರಿಗಿಂತ ಕಮ್ಮಿ ಪಾಲು ಬರುವ ಊರುಗಳು ಪಟ್ಟಿಯಲ್ಲೇ ಇರುವುದಿಲ್ಲ. ಆ ಚಿಲ್ಲರೆಯೆಲ್ಲ ರಾಜ್ಯದ ಡಬ್ಬಿಗೆ ಸೇರುತ್ತದೆ, ಅಲ್ಲಿಂದ ಸಣ್ಣ ಊರುಗಳಿಗೆ ಹಂಚಬೇಕು. ಹಾಗಾಗಿ ನಿಮ್ಮೂರು ಪಟ್ಟಿಯಲ್ಲಿಲ್ಲ ಎಂದರೆ ಕಥೆ ಮುಗಿಯಲಿಲ್ಲ. ರಾಜ್ಯದ ಕಚೇರಿಯನ್ನು ಕೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಅದು ಬೋರ್ಡ್ ಆಫ್ ಸ್ಟೇಟ್ ಅಂಡ್ ಕಮ್ಯುನಿಟಿ ಕರೆಕ್ಷನ್ಸ್, ಟೆಕ್ಸಸ್‌ನಲ್ಲಿ ಗವರ್ನರ್ ಕಚೇರಿ.

ಈ ಸೂತ್ರದ ಒಂದು ವಿಚಿತ್ರ ನನಗೆ ಇನ್ನೂ ಜೀರ್ಣವಾಗಿಲ್ಲ. ಊರಿನಲ್ಲಿ ಅಪರಾಧ ಇಳಿದರೆ ಪಾಲೂ ಇಳಿಯುತ್ತದೆ. ಅಂಕಿ ಅಂಶವನ್ನು ಎಫ್‌ಬಿಐಗೆ ಕಳಿಸದ ಊರಿಗಂತೂ ಪಾಲೇ ಇಲ್ಲ.

ಪಟ್ಟಿಯಲ್ಲಿ ಕೆಲವು ಕಡೆ ಊರೂ ಕೌಂಟಿಯೂ ಒಟ್ಟಿಗೆ, ಬಣ್ಣ ಹಾಕಿದ ಚೌಕದಲ್ಲಿ ಇರುತ್ತವೆ. ಹಿಡಿಯುವುದು ಊರಿನ ಪೊಲೀಸ್, ಕೇಸು ನಡೆಸಿ ಜೈಲಿನಲ್ಲಿಟ್ಟು ಊಟ ಹಾಕುವುದು ಕೌಂಟಿ. ಆದರೆ ದುಡ್ಡೆಲ್ಲ ಊರಿಗೆ ಹೋದರೆ ಕೌಂಟಿ ಸುಮ್ನೆ ಇರುತ್ತದಾ? ಅದಕ್ಕೇ ಇಂಥವರು ಹೀಗೆ ಹಂಚಿಕೊಳ್ಳುತ್ತೇವೆ ಎಂದು ಒಪ್ಪಂದ ಬರೆದು ಒಂದೇ ಅರ್ಜಿ ಹಾಕಬೇಕು.

ಹೆಜ್ಜೆ 3: ಏನು ಕೊಳ್ಳುತ್ತಾರೆ ಅಂತ ಓದಿ

ಅಜೆಂಡಾದ ಜೊತೆ 'ಸ್ಟಾಫ್ ರಿಪೋರ್ಟ್' ಲಗತ್ತಿಸಿರುತ್ತಾರೆ. ಬಜೆಟ್ ಕೊನೆಯ ಪುಟದಲ್ಲಿರುತ್ತದೆ. ನಾನು ತೆಗೆದು ನೋಡಿದ ರಿಪೋರ್ಟು ಎರಡೇ ಪುಟ: ರೇಡಿಯೋ, ಕಾರಿಗೆ ಲ್ಯಾಪ್‌ಟಾಪ್, ಒಂದಿಷ್ಟು ಓವರ್‌ಟೈಮ್. ತಪ್ಪೇನಿಲ್ಲ. ಆದರೆ ಕಾನೂನು ಬಿಟ್ಟಿರುವ ಬಾಗಿಲು ಇದಕ್ಕಿಂತ ಎಷ್ಟೋ ಅಗಲ. ಕೋರ್ಟು, ಸರ್ಕಾರಿ ವಕೀಲರು, ಅಪರಾಧ ತಡೆ, ಜೈಲಿನಿಂದ ಬಿಟ್ಟವರ ಮೇಲ್ವಿಚಾರಣೆ, ಚಟ ಬಿಡಿಸುವ ಚಿಕಿತ್ಸೆ, ಸಾಕ್ಷಿ ಮತ್ತು ಸಂತ್ರಸ್ತರ ನೆರವು, ಮಾನಸಿಕ ಆರೋಗ್ಯ, ಎಲ್ಲಕ್ಕೂ ಖರ್ಚು ಮಾಡಬಹುದು. ಅರ್ಜಿ ಬರೆಯುವವರು ಠಾಣೆಯವರೇ ಆದಾಗ ಠಾಣೆಯ ಸಾಮಾನೇ ಪಟ್ಟಿಗೆ ಬರುತ್ತದೆ, ಅಲ್ವಾ?

ಬೇಡ ಅಂದಿರುವುದೂ ಇದೆ. ಐಷಾರಾಮಿ ವಸ್ತು, ಜಮೀನು, ಕಟ್ಟಡ ಕಟ್ಟುವುದಕ್ಕೆ ಬಳಸುವಂತಿಲ್ಲ. ಜೈಲು ಕಟ್ಟಬಹುದು. ಗಾಡಿ ಕೊಳ್ಳುವಂತಿಲ್ಲ, ಪೊಲೀಸ್ ಗಸ್ತಿನ ಕಾರು ಕೊಳ್ಳಬಹುದು.

ಜನ ಜಾಸ್ತಿ ಎಡವುವುದು ಇನ್ನೊಂದು ನಿಯಮದಲ್ಲಿ. ಊರು ಆಗಲೇ ತನ್ನ ಬಜೆಟ್ಟಿನಲ್ಲಿ ಹತ್ತು ರೇಡಿಯೋಗೆ ದುಡ್ಡು ಇಟ್ಟಿದೆ ಅನ್ನಿ. ಗ್ರಾಂಟ್ ಬಂತು ಅಂತ ಆ ದುಡ್ಡನ್ನು ವಾಪಸ್ ತೆಗೆದು, ಅದೇ ಹತ್ತು ರೇಡಿಯೋವನ್ನು ಗ್ರಾಂಟಿನಲ್ಲಿ ಕೊಂಡರೆ ತಪ್ಪು. ಹನ್ನೊಂದನೆಯ ರೇಡಿಯೋ ಕೊಂಡರೆ ಸರಿ. ಕಳೆದ ವರ್ಷದ ಬಜೆಟ್ಟನ್ನು ಪಕ್ಕದಲ್ಲಿಟ್ಟು ನೋಡಿ, ಗೊತ್ತಾಗುತ್ತದೆ.

ಹೆಜ್ಜೆ 4: ಮೂವತ್ತು ದಿನದ ಕಿಟಕಿ

ನನ್ನ ಮಟ್ಟಿಗೆ ಇಡೀ ಪ್ರಕ್ರಿಯೆಯಲ್ಲಿ ಮುಖ್ಯವಾದ ಜಾಗ ಇದೇ. ಅರ್ಜಿ ಕಳಿಸುವ ಮೊದಲು ಅದನ್ನು ಊರಿನ ಆಡಳಿತ ಮಂಡಳಿಯ ಮುಂದೆ ಕನಿಷ್ಠ 30 ದಿನ ಇಡಬೇಕು ಎನ್ನುತ್ತದೆ ಕಾನೂನು. ಜನರಿಗೂ ಅರ್ಜಿಯನ್ನು ತೋರಿಸಿ, ಅಭಿಪ್ರಾಯ ಹೇಳಲು ಅವಕಾಶ ಕೊಡಬೇಕು. ಆದರೆ ಅಲ್ಲೇ ಒಂದು ಸಣ್ಣ ಬಾಲ: ಸ್ಥಳೀಯ ಕಾನೂನಿನಲ್ಲಿ ಅಥವಾ ರೂಢಿಯಲ್ಲಿ ಅಂಥ ಅವಕಾಶ ಎಷ್ಟಿದೆಯೋ ಅಷ್ಟು. ಈ ಬಾಲ ಹಿಡಿದುಕೊಂಡೇ ಊರುಗಳು ವಿಷಯವನ್ನು ಕನ್ಸೆಂಟ್ ಕ್ಯಾಲೆಂಡರಿನ ಗಂಟಿಗೆ ಸೇರಿಸಿ ಕೈ ತೊಳೆದುಕೊಳ್ಳುವುದು.

ಗಂಟು ಬಿಚ್ಚಿಸುವುದು ಕಷ್ಟವಲ್ಲ. ಬಹಳಷ್ಟು ಊರುಗಳಲ್ಲಿ ಒಬ್ಬ ಕೌನ್ಸಿಲ್ ಸದಸ್ಯರು ಕೇಳಿದರೆ ಸಾಕು, ಆ ಐಟಂ ಹೊರಗೆ ತೆಗೆದು ಚರ್ಚೆಗೆ ಇಡುತ್ತಾರೆ. ಸಭೆಗೆ ಎರಡು ದಿನ ಮೊದಲು ನಿಮ್ಮ ವಾರ್ಡಿನ ಸದಸ್ಯರಿಗೆ ಒಂದು ಇಮೇಲ್ ಹಾಕಿ. ಮಾತಾಡಲು ಸಿಗುವುದು ಎರಡೋ ಮೂರೋ ನಿಮಿಷ. 'ಪೊಲೀಸರು ಒಳ್ಳೆಯವರಾ, ಕೆಟ್ಟವರಾ' ಎಂಬ ಭಾಷಣ ಬೇಡ. 'ಈ 20,000ದಲ್ಲಿ ಚಟ ಬಿಡಿಸುವ ಚಿಕಿತ್ಸೆಗೆ ಯಾಕೆ ಏನೂ ಇಟ್ಟಿಲ್ಲ?' ಎಂದು ಒಂದೇ ಪ್ರಶ್ನೆ ಕೇಳಿ. ಉತ್ತರ ನಡಾವಳಿಯಲ್ಲಿ ದಾಖಲಾಗುತ್ತದೆ.

ಹೆಜ್ಜೆ 5: ಅರ್ಜಿಯ ಗೋಳು

ಇದು ನಿಮ್ಮ ಕೆಲಸವಲ್ಲ, ಊರಿನ ಗುಮಾಸ್ತರದು. ಆದರೂ ತಿಳಿದಿರಲಿ, ಪಾಪ. ಮೊದಲು ಸ್ಯಾಮ್ ಡಾಟ್ ಗವ್ ಎಂಬ ಸರ್ಕಾರಿ ತಾಣದಲ್ಲಿ ನೋಂದಣಿ, ವರ್ಷಕ್ಕೊಮ್ಮೆ ನವೀಕರಣ. ಅರ್ಜಿ ಹಾಕುವ ಸಂಸ್ಥೆಯ ಗುರುತಿನ ಸಂಖ್ಯೆಯೂ ಬೇಕು; 2022ರ ಏಪ್ರಿಲ್‌ನಿಂದ ಹಳೆಯ ಡನ್ಸ್ ನಂಬರ್ ಹೋಗಿ ಯುಇಐ ಬಂದಿದೆ. ಆಮೇಲೆ ಗ್ರಾಂಟ್ಸ್ ಡಾಟ್ ಗವ್‌ನಲ್ಲಿ ಒಂದು ಫಾರಂ. ಅದಾದ ಮೇಲೆ ಜಸ್ಟ್‌ಗ್ರಾಂಟ್ಸ್ ಎಂಬ ಇನ್ನೊಂದು ತಾಣದಲ್ಲಿ ಪೂರ್ತಿ ಅರ್ಜಿ. ಎರಡಕ್ಕೂ ಬೇರೆ ಬೇರೆ ಗಡುವು. ಲಾಗಿನ್ ಇದ್ದ ಗುಮಾಸ್ತರು ನಿವೃತ್ತರಾಗಿ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದೆ ಗಡುವು ದಾಟುವುದು ಸಣ್ಣ ಊರುಗಳಲ್ಲಿ ಹೊಸದಲ್ಲ.

ಹೆಜ್ಜೆ 6: ಷರತ್ತುಗಳನ್ನು ಬಿಡಬೇಡಿ

ಊರು ತನ್ನ ಪಾಲಿನ ದುಡ್ಡು ಸೇರಿಸಬೇಕಾಗಿಲ್ಲ. ಷರತ್ತಿಗೆ ಮಾತ್ರ ಬರವಿಲ್ಲ. ಲೈಂಗಿಕ ಅಪರಾಧಿಗಳ ನೋಂದಣಿ ನಿಯಮ ಪಾಲಿಸದ ರಾಜ್ಯಕ್ಕೆ ಶೇ 10 ಕಡಿತ ಇದೆ.

ದೊಡ್ಡ ಗಲಾಟೆ ಆದದ್ದು 2017ರಲ್ಲಿ. ಆಗಿನ ಅಟಾರ್ನಿ ಜನರಲ್ ಜೆಫ್ ಸೆಷನ್ಸ್, ವಲಸೆ ಅಧಿಕಾರಿಗಳಿಗೆ ಜೈಲಿನೊಳಗೆ ಪ್ರವೇಶ ಕೊಡಬೇಕು, ಅವರು ಕೇಳಿದ ಕೈದಿಯನ್ನು ಬಿಡುವ ಮೊದಲು ತಿಳಿಸಬೇಕು ಎಂದು ಜ್ಯಾಗ್‌ಗೆ ಷರತ್ತು ಸೇರಿಸಿದರು. ಶಿಕಾಗೊ ಕೋರ್ಟಿಗೆ ಹೋಯಿತು. ಸಂಸತ್ತು ಹಂಚಿದ ದುಡ್ಡಿಗೆ ಮಂತ್ರಿ ತಾನೇ ಹೊಸ ಷರತ್ತು ಕಟ್ಟಬಹುದೇ ಎಂಬುದೇ ಪ್ರಶ್ನೆ. 2018ರಲ್ಲಿ ಏಳನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಶಿಕಾಗೊ ಪರ ನಿಂತಿತು. 2020ರಲ್ಲಿ ನ್ಯೂಯಾರ್ಕ್ ಭಾಗದ ಎರಡನೇ ಸರ್ಕ್ಯೂಟ್ ಸರ್ಕಾರದ ಪರ ನಿಂತಿತು. ಬೈಡನ್ ಸರ್ಕಾರ ಬಂದ ಮೇಲೆ ಷರತ್ತು ಕೈಬಿಟ್ಟರು. 2025ರ ಏಪ್ರಿಲ್‌ನಲ್ಲಿ ನ್ಯಾಯ ಇಲಾಖೆ ಮಂಜೂರಾಗಿದ್ದ ನೂರಾರು ಬೇರೆ ಗ್ರಾಂಟುಗಳನ್ನು ನಡುದಾರಿಯಲ್ಲೇ ರದ್ದು ಮಾಡಿತು. ಆದ್ದರಿಂದ 'ಕಳೆದ ಸಲದ ಷರತ್ತೇ ಅಲ್ವಾ' ಎಂದು ಕೌನ್ಸಿಲ್‌ನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಆ ವರ್ಷದ ಮಂಜೂರಾತಿ ಪತ್ರವನ್ನೇ ಕೇಳಿ. ಷರತ್ತೆಲ್ಲ ನಂಬರ್ ಹಾಕಿ ಅದರಲ್ಲಿ ಇರುತ್ತದೆ.

ಹೆಜ್ಜೆ 7: ದುಡ್ಡು ಬಂದ ಮೇಲೆ

25,000 ಡಾಲರಿಗಿಂತ ಕಮ್ಮಿ ಬಂದ ಊರಿಗೆ ಖರ್ಚು ಮಾಡಲು ಸಾಮಾನ್ಯವಾಗಿ ಎರಡು ವರ್ಷ, ಅದಕ್ಕೂ ಮೇಲಾದರೆ ನಾಲ್ಕು ವರ್ಷ. ಮೂರು ತಿಂಗಳಿಗೊಮ್ಮೆ ಹಣಕಾಸಿನ ವರದಿ ಹೋಗುತ್ತದೆ. ಆ ವರದಿಯ ಪ್ರತಿಯನ್ನು ನಿಮ್ಮ ರಾಜ್ಯದ ಸಾರ್ವಜನಿಕ ದಾಖಲೆ ಕಾಯಿದೆಯ ಕೆಳಗೆ ಕೇಳಬಹುದು. ನಮ್ಮ ಆರ್‌ಟಿಐ ಇದ್ದ ಹಾಗೆಯೇ. ಒಂದು ಇಮೇಲ್ ಸಾಕು: ಇಂಥ ವರ್ಷದ ಜ್ಯಾಗ್ ಗ್ರಾಂಟಿನ ಮಂಜೂರಾತಿ ಪತ್ರ, ಬಜೆಟ್, ಇಲ್ಲಿಯವರೆಗಿನ ಹಣಕಾಸಿನ ವರದಿಗಳು.

ನಾನೂ ಹಾಗೆ ಕೇಳಿದೆ. ಮೂರು ವಾರದ ಮೇಲೆ ಪಿಡಿಎಫ್ ಬಂತು. ಲ್ಯಾಪ್‌ಟಾಪಿನ ಸಾಲಿನ ಮುಂದೆ ಖರ್ಚು ಸೊನ್ನೆ, ಗಡುವಿಗೆ ಇನ್ನು ಐದು ತಿಂಗಳು.